ಅಮಾಸಿಯ ದಿನ ಗಾಡಿ ಎಣಿಸಿದ್ದು

ನಾಳೆ ಹೊತ್ತು ಹುಟ್ಟುವುದರೊಳಗೆ ಕುಡಚಿ ಮುಟ್ಟುತ್ತೇನೆ, ಹೊತ್ತು ಮುಳುಗಿದ ಮೇಲೇ ಅಲ್ಲಿಂದ ಏಳುತ್ತೇನೆ ಎಂದು ನಾನು ಹೇಳಿದಾಗ ನಮ್ಮ ಮನೆಯವರು ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದರು. ತಲೆ ಎತ್ತಲಿಲ್ಲ.

“ಕುಡಚ್ಯಾಗ ಯಾರದಾರ?”

“ಯಾರೂ ಇಲ್ರಿ. ಗಾಡಿ ನೋಡಾಕ ಹೊಂಟೀನಿ.”

“ಮತ್ತ ಗಾಡಿ!” ಎಂದರು. “ಮೂರ ಸಲ ಹೋಗಿ ಬಂದಿ. ಅವ ಗಾಡಿ, ಅವ ಹಳಿ. ಇನ್ನೇನ ನೋಡೂದೈತಿ?”

“ಮೂರೂ ಸಲ ಅರ್ಧಕ್ಕ ಎದ್ದ ಬಂದೀನಿ. ಈ ಸಲ ಪೂರಾ ನೋಡಿ ಬರ್ತೀನಿ.”

ಅವರು ಎಣ್ಣೆಯ ಡಬ್ಬಿ ಕೆಳಗಿಟ್ಟು ನನ್ನ ಮುಖ ನೋಡಿದರು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. ನಾನು ಯಾವಾಗ ಹಟಕ್ಕೆ ಬಿದ್ದಿದ್ದೇನೆ ಎಂಬುದು ಅವರಿಗೆ ಮುಖ ನೋಡಿದರೇ ತಿಳಿಯುತ್ತದೆ. “ನಿನ್ನ ಹುಚ್ಚಿಗಿ ಔಷಧಿಲ್ಲ” ಎಂದು ಮತ್ತೆ ಎಣ್ಣೆ ಬಿಡತೊಡಗಿದರು. ಅದೇ ಒಪ್ಪಿಗೆ ಎಂದು ನಾನು ತಿಳಿದುಕೊಂಡೆ.

ನಮ್ಮದು ಬನಹಟ್ಟಿ. ಮನೆಯಲ್ಲಿ ನಾಲ್ಕು ಪಾವರ್‌ಲೂಮ್ ಮಗ್ಗ. ಅವರು ನೇಯುತ್ತಾರೆ, ನಾನು ಕಂಡಿಕಿ ಸುತ್ತುತ್ತೇನೆ. ಲಾಳಿಯೊಳಗೆ ಕೂತು ಅತ್ತಿಂದಿತ್ತ ಓಡುವ ನೂಲಿನ ಕಡ್ಡಿಗೆ ನಮ್ಮಲ್ಲಿ ಕಂಡಿಕಿ ಅನ್ನುತ್ತಾರೆ. ಅದು ಮುಗಿಯುವ ಕೆಲಸವಲ್ಲ. ಒಂದು ಬುಟ್ಟಿ ತುಂಬಿದರೆ ಇನ್ನೊಂದು ಬುಟ್ಟಿ ಖಾಲಿ ಇರುತ್ತದೆ. ಅಮಾಸಿಗೆ ಮಾತ್ರ ನಮ್ಮ ಓಣಿಯ ಮಗ್ಗಗಳು ಬಂದ್. ಹಾಗಾಗಿ ನನ್ನ ಪಾಲಿಗೆ ತಿಂಗಳಲ್ಲಿ ಸಿಗುವುದು ಒಂದೇ ದಿನ.

ಗಾಡಿಯ ಹುಚ್ಚು ಹತ್ತಿದ್ದು ಒಂಬತ್ತನೇ ವಯಸ್ಸಿಗೆ. ನನ್ನ ಕಿವಿ ಸೋರುತ್ತಿತ್ತು. ಅಪ್ಪ ಮೀರಜದ ಡಾಕ್ಟರಿಗೆ ತೋರಿಸಲು ಕರಕೊಂಡು ಹೊರಟಿದ್ದ. ಕುಡಚಿ ಸ್ಟೇಷನ್ನಿನಲ್ಲಿ ನಾವು ಪ್ಯಾಸೆಂಜರ್ ಗಾಡಿಗೆ ಕಾಯುತ್ತಿದ್ದಾಗ ಒಂದು ಮಾಲಗಾಡಿ ನಿಲ್ಲದೆ ಹೋಯಿತು. ಸೋರುವ ಕಿವಿಯೊಳಗೂ ಆ ಸಪ್ಪಳ ಹೊಕ್ಕಿತು. ನಾನು ಡಬ್ಬಿ ಎಣಿಸತೊಡಗಿದೆ. ನಲವತ್ತರ ಹತ್ತಿರ ಬಂದಾಗ ಅಪ್ಪ ಹೆದರಿ ರಟ್ಟೆ ಹಿಡಿದು ಹಿಂದಕ್ಕೆ ಜಗ್ಗಿದ, ಲೆಕ್ಕ ತಪ್ಪಿತು. ಆದರೆ ಎಂಜಿನ್ನಿನ ಮೇಲಿನ ನಂಬರು ಕಣ್ಣಲ್ಲಿ ಕೂತಿತ್ತು. ಅದನ್ನು ಬಾಯಿಪಾಠ ಹೇಳಿಕೊಳ್ಳುತ್ತ ಮೀರಜಕ್ಕೆ ಹೋದೆ, ಹೇಳಿಕೊಳ್ಳುತ್ತಲೇ ತಿರುಗಿ ಬಂದೆ. ಇವತ್ತಿಗೂ ಬರುತ್ತದೆ. ಯಾರಿಗೂ ಹೇಳಿಲ್ಲ.

ನಮ್ಮೂರಿಗೆ ರೈಲು ಬರುತ್ತದೆ ಎಂದು ನಾನು ಹುಟ್ಟುವ ಮೊದಲಿನಿಂದ ಮಂದಿ ಹೇಳುತ್ತಾರೆ. ಜಮಖಂಡಿಯ ಕಡೆಗೆ ಹೋದಾಗಲೆಲ್ಲ ಅಲ್ಲಿ ಕಲ್ಲು ನೆಟ್ಟಿದ್ದಾರೆ, ಇಲ್ಲಿ ಮಣ್ಣು ಹಾಕಿದ್ದಾರೆ ಎಂದು ಯಾರಾದರೂ ಸುದ್ದಿ ತರುತ್ತಾರೆ. ಬಂದಾಗ ನೋಡೋಣ ಎಂದು ಕೂತರೆ ನನ್ನ ವಯಸ್ಸು ಕಾಯುವುದಿಲ್ಲ. ಗಾಡಿ ನಮ್ಮಲ್ಲಿಗೆ ಬರದಿದ್ದರೆ ನಾವೇ ಗಾಡಿಯ ಹತ್ತಿರ ಹೋಗಬೇಕು.

ಜಮಖಂಡಿಯಲ್ಲಿ ಕಾಲೇಜು ಓದುವ ಮಗಳು ಎರಡು ವರ್ಷದ ಹಿಂದೆ ನನ್ನ ಮೊಬೈಲಿನಲ್ಲಿ ಎಂಜಿನ್ನುಗಳ ಜಾತಿ, ನಂಬರು ತೋರಿಸಿಕೊಟ್ಟಳು. ನನ್ನಂತೆ ಹಳಿಯ ಪಕ್ಕ ನಿಂತು ನಂಬರು ಬರೆದುಕೊಳ್ಳುವವರು ದೇಶದ ತುಂಬ ಇದ್ದಾರೆ ಎಂದು ನನಗೆ ತಿಳಿದದ್ದು ಆಗಲೇ. ಆಮೇಲೆ ಒಂದು ಆಸೆ ಗಟ್ಟಿಯಾಯಿತು: ಒಂದು ದಿನ, ಹೊತ್ತು ಹುಟ್ಟಿದಾಗಿನಿಂದ ಮುಳುಗುವತನಕ, ಒಂದೇ ಜಾಗದಲ್ಲಿ ಕೂತು ಒಂದೂ ತಪ್ಪದಂತೆ ಎಲ್ಲ ಗಾಡಿ ನೋಡಬೇಕು. ಮೊದಲ ಸಲ ಹೋದಾಗ ಮನೆಗೆ ಬೀಗರು ಬಂದರೆಂದು ಹತ್ತು ಗಂಟೆಗೇ ಫೋನು ಬಂತು. ಎರಡನೇ ಸಲ ಮಳೆ. ಮೂರನೇ ಸಲ ಪ್ಲಾಟ್‌ಫಾರ್ಮಿನಲ್ಲಿ ನಾಲ್ಕು ಗಂಡಸರು ನನ್ನನ್ನೇ ನೋಡುತ್ತ ನಿಂತದ್ದಕ್ಕೆ ನಾಚಿಕೆಯಾಗಿ ನಾನೇ ಎದ್ದು ಬಂದೆ. ಆ ಮೂರನೆಯದು ಬಹಳ ದಿನ ಚುಚ್ಚಿತು. ಬೀಗರೂ ಅಲ್ಲ, ಮಳೆಯೂ ಅಲ್ಲ, ನನ್ನ ಅಂಜಿಕೆಯೇ ನನ್ನನ್ನು ಎಬ್ಬಿಸಿತ್ತು.

ನಸುಕಿನ ಮೊದಲ ಬಸ್ಸಿಗೆ ಹೊರಟೆ. ತೇರದಾಳ ದಾಟುವತನಕ ಹೊರಗೆ ಏನೂ ಕಾಣುತ್ತಿರಲಿಲ್ಲ. ಚೀಲದಲ್ಲಿ ನಾಲ್ಕು ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಎರಡು ಬಾಟಲಿ ನೀರು, ಒಂದು ನೋಟ್‌ಬುಕ್ಕು, ಎರಡು ಪೆನ್ನು. ಒಂದು ಪೆನ್ನು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. ಈ ಸಲ ಸ್ಟೇಷನ್ನಿನ ಗೊಡವೆಗೇ ಹೋಗಲಿಲ್ಲ. ಅಲ್ಲಿಂದ ಹೊಳೆಯ ಕಡೆಗೆ ಒಂದು ಮೈಲಿನಷ್ಟು ಕಬ್ಬಿನ ಹೊಲಗಳ ನಡುವಿನ ದಾರಿಯಲ್ಲಿ ನಡೆದೆ. ರೈಲ್ವೆಯವರ ಗಡಿಕಲ್ಲಿನ ಹೊರಗೆ ಒಂದು ಬೇವಿನ ಗಿಡ. ಅಲ್ಲಿಂದ ಹಳಿ ಇಪ್ಪತ್ತು ಹೆಜ್ಜೆ. ಮೀರಜದ ಕಡೆಯಿಂದ ಬರುವುದೂ ಕಾಣುತ್ತದೆ, ಬೆಳಗಾವಿಯ ಕಡೆಯಿಂದ ಬರುವುದೂ ಕಾಣುತ್ತದೆ. ಚೀಲ ಇಟ್ಟು ಕೂತಾಗ ಮೂಡಣ ಇನ್ನೂ ಕೆಂಪಾಗುತ್ತಿತ್ತು.

ಮೊದಲು ಬಂದದ್ದು ಮಾಲಗಾಡಿ. ಕಲ್ಲಿದ್ದಲು ತುಂಬಿತ್ತು. ಒಂಟಿ ದೀಪ ದೂರದಲ್ಲಿ ಕಂಡು, ಬಹಳ ಹೊತ್ತು ಅಲ್ಲೇ ನಿಂತಂತಿದ್ದು, ಒಮ್ಮೆಲೇ ಮೈಮೇಲೆ ಬಂದಂತೆ ಬಂತು. ಎಂಜಿನ್ನಿನ ಮೋರೆಯ ಮೇಲಿನ ಐದು ಅಂಕಿ ಓದಿ ಬಾಯಲ್ಲಿಟ್ಟುಕೊಂಡು ಡಬ್ಬಿ ಎಣಿಸಿದೆ. ನಾನು ಎಣಿಸುವುದು ಐದೈದರಂತೆ, ಒಂದು ಐದಕ್ಕೆ ಒಂದು ಬೆರಳು ಮಡಚುತ್ತ. ಕಂಡಿಕಿ ಎಣಿಸಿ ಎಣಿಸಿ ಬಂದ ರೂಢಿ. ಕೊನೆಯ ಡಬ್ಬಿಯಲ್ಲಿ ಗಾರ್ಡ್ ಬಾಗಿಲಿಗೆ ನಿಂತಿದ್ದ. ಗಾಡಿ ಹೋದ ಮೇಲೆ ನೆಲದ ನಡುಕ ನನ್ನ ತೊಡೆಯೊಳಗೆ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು. ನೋಟ್‌ಬುಕ್ಕಿನಲ್ಲಿ ‘ಒಂದು’ ಎಂದು ಬರೆದೆ.

ಆಮೇಲೆ ಬೇಗ ಬೇಗ ಬಂದವು. ಮುಂಬಯಿ ಕಡೆಯ ಎಕ್ಸ್‌ಪ್ರೆಸ್ಸು, ಕಿಡಕಿಯಲ್ಲಿ ಹಲ್ಲುಜ್ಜುವವರು. ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತ ಮಂದಿಯ ಪ್ಯಾಸೆಂಜರು. ಎಣ್ಣೆಯ ಟ್ಯಾಂಕರುಗಳ ಉದ್ದನೆ ಸಾಲು. ಇನ್ನೊಂದು ಹಳಿಯ ಮೇಲೆ ಖಾಲಿ ಡಬ್ಬಿಗಳ ಮಾಲಗಾಡಿ. ಖಾಲಿ ಗಾಡಿಯ ಸಪ್ಪಳವೇ ಬೇರೆ, ಹಿತ್ತಾಳೆ ಬೋಗಾಣಿ ಉರುಳಿಸಿದಂತೆ. ತುಂಬಿದ ಗಾಡಿ ಗದ್ದಲ ಮಾಡದೆ ಗುಮ್ಮೆಂದು ಹೋಗುತ್ತದೆ. ಕಣ್ಣು ಮುಚ್ಚಿದರೂ ಹೇಳಬಹುದು. ಹತ್ತು ಗಂಟೆಗೆ ಒಂಬತ್ತಾದವು.

ಕಿತ್ತಳೆ ಬಣ್ಣದ ಅಂಗಿ ಹಾಕಿಕೊಂಡವನೊಬ್ಬ ಹೆಗಲ ಮೇಲೆ ಸುತ್ತಿಗೆ ಹೊತ್ತು ಹಳಿಗುಂಟ ಬಂದದ್ದನ್ನು ಬೆಳಿಗ್ಗೆಯೇ ನೋಡಿದ್ದೆ. ಕೀಮ್ಯಾನ್. ದಿನವೂ ಹಳಿಗುಂಟ ನಡೆದು, ಸಡಿಲಾದ ಕ್ಲಿಪ್ಪುಗಳನ್ನು ಬಡಿದು ಕೂರಿಸುವುದು ಅವನ ಕೆಲಸ. ಆಗ ನನ್ನನ್ನು ಒಮ್ಮೆ ನೋಡಿ ಮುಂದೆ ಹೋಗಿದ್ದ. ಈಗ ಕೆಲಸ ಬಿಟ್ಟು, ನೆಟ್ಟಗೆ ನನ್ನ ಕಡೆಗೇ ಬಂದ. ಐವತ್ತು ದಾಟಿದ ಮನುಷ್ಯ, ಬಿಸಿಲಿಗೆ ಸುಟ್ಟ ಮುಖ.

“ಯಾವೂರು ತಂಗಿ?”

“ಬನಹಟ್ಟಿರಿ.”

“ಇಲ್ಲ್ಯಾಕ ಕುಂತಿ?”

“ಗಾಡಿ ನೋಡಾಕತ್ತೀನ್ರಿ.”

“ಗಾಡಿ ನೋಡೂದು ಠೇಸನ್ನ್ಯಾಗ. ಇಲ್ಲಿ ಯಾವ ಗಾಡೀನೂ ನಿಂದ್ರೂದಿಲ್ಲ. ಏಳು.”

“ನಿಂದ್ರಬೇಕಂತ ಕುಂತಿಲ್ರಿ. ಎಣಿಸಾಕ ಕುಂತೀನಿ.” ನೋಟ್‌ಬುಕ್ಕು ತೆರೆದು ತೋರಿಸಲು ಹೋದೆ. ಅವನು ಅದನ್ನು ನೋಡಿದ್ದೇ ಇನ್ನೂ ಗಾಬರಿಯಾದ.

“ಅದರಾಗ ಏನ ಬರದೀ? ಚೀಟಿ ಬರದೀ ಏನ? ತಂಗೀ, ಖರೆ ಹೇಳು. ಮನ್ಯಾಗ ಜಗಳಾಡಿ ಬಂದೀ?”

ಅವನು ಏನು ತಿಳಿದಿದ್ದಾನೆ ಎಂಬುದು ಆಗ ನನಗೆ ಹೊಳೆಯಿತು. ಅಮಾಸಿಯ ದಿನ, ಹೆಣ್ಣುಮಗಳೊಬ್ಬಳೇ, ನಸುಕಿನಿಂದ ಹಳಿಯ ಪಕ್ಕ ಕೂತಿದ್ದಾಳೆ. ಕೈಯಲ್ಲಿ ಬರೆದ ಕಾಗದ. ಮೈಯೆಲ್ಲ ಉರಿಯಿತು. ಗಂಡಸು ಕೂತಿದ್ದರೆ ಹೀಗೆ ಕೇಳುತ್ತಿದ್ದನೇ?

“ನಾ ಸಾಯಾಕ ಬಂದಿಲ್ಲ!” ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಯಿತು.

“ಎಲ್ಲಾರೂ ಹಂಗ ಅಂತಾರ. ಮನಿ ಫೋನ್ ಹಚ್ಚಿಕೊಡು, ನಾ ಮಾತಾಡ್ತೀನಿ. ಇಲ್ಲಂದ್ರ ಪೊಲೀಸರನ್ನ ಕರೀಬೇಕಾಕ್ಕೈತಿ.”

ಹಚ್ಚಿಕೊಟ್ಟೆ. ಅವನು ಫೋನು ಕಿವಿಗೆ ಹಿಡಿದು, “ರೈಲ್ವೆದಾಂವ ಮಾತಾಡಾಕತ್ತೀನ್ರಿ. ನಿಮ್ಮ ಮನಿಯವರು ಹಳಿ ಬಾಜೂಕ ಕುಂತಾರ” ಎಂದ. ಆಮೇಲೆ ನಮ್ಮ ಮನೆಯವರ ದನಿ ನನಗೂ ಕೇಳುವಷ್ಟು ದೊಡ್ಡದಾಗಿ ಬಂತು. “ಆಕಿ ಆರಾಮದಾಳೇನ್ರಿ? ಎಣಿಸಾಕ ಬಂದಾಳ್ರಿ ಆಕಿ. ಆಕಿಗಿ ಅದೊಂದು ಹುಚ್ಚೈತ್ರಿ, ಅಷ್ಟ.” ಫೋನು ನನ್ನ ಕೈಗೆ ಬಂದಾಗ ದನಿ ಬದಲಾಗಿತ್ತು. “ನೋಡು, ಮಂದಿ ಏನ ತಿಳ್ಕೊಂಡ್ರು. ಸಾಕಿನ್ನ. ಎದ್ದ ಬಾ.”

ಮೂರು ಸಲ ಎದ್ದು ಬಂದವಳು ನಾನು. ಬೇವಿನ ಕಾಂಡಕ್ಕೆ ಬೆನ್ನು ಕೊಟ್ಟೆ.

“ಒಂಬತ್ತ ಆಗ್ಯಾವ. ಹೊತ್ತ ಮುಣುಗಿದ ಮ್ಯಾಲ ಬರ್ತೀನಿ” ಎಂದೆ. ಅವರು ಫೋನು ಇಟ್ಟರು.

ಕೀಮ್ಯಾನ್ ಹೋಗಲಿಲ್ಲ. ಗಡಿಕಲ್ಲಿನ ಮೇಲೆ ಕೂತು, ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ.

“ಸಿಟ್ಟಾಗಬ್ಯಾಡ ತಂಗಿ” ಎಂದ. “ಹಿಂದೊಮ್ಮೆ ಈ ಹಳಿ ಬಾಜೂಕ ಹಿಂಗ ಒಬ್ಬಾಕಿ ಕುಂತಿದ್ಲು. ನಿನ್ನಷ್ಟ ವಯಸ್ಸು. ಯಾರದೋ ದಾರಿ ನೋಡಾಕತ್ತಾಳ ಅಂತ ನಾ ಮುಂದ ಹ್ವಾದೆ. ತಿರುಗಿ ಬರೂದ್ರಾಗ…” ಅಲ್ಲಿಗೇ ಬಿಟ್ಟು, ವಸ್ತ್ರ ಮತ್ತೆ ತಲೆಗೆ ಸುತ್ತಿಕೊಂಡ. “ಒಂದ ಮಾತ ಕೇಳಿದ್ರ ನಂದೇನ ಗಂಟ ಹೋಗ್ತಿತ್ತು? ಅವತ್ತಿನಿಂದ ಯಾರ ಕುಂತ್ರೂ ಕೇಳ್ತೀನಿ. ಬೈದ್ರೂ ಕೇಳ್ತೀನಿ” ಎಂದ.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಬಾಟಲಿಯ ನೀರು ಕೊಟ್ಟೆ, ಕುಡಿದ. ಆಮೇಲೆ ನೋಟ್‌ಬುಕ್ಕು ಇಸಿದುಕೊಂಡು, ಬೆರಳಿಟ್ಟು ಗಾಡಿ ಬಂದ ಹೊತ್ತು, ನಂಬರು ಒಂದೊಂದೇ ಓದಿದ. ಏಳನೆಯದನ್ನು ಓದಿ ನಕ್ಕ. “ಇದು ಹೋದಾಗ ನಾನೂ ಅಲ್ಲೇ ನಿಂತಿದ್ನಿ. ಇಷ್ಟ ವರ್ಷ ಹಳಿ ಮ್ಯಾಲ ಅಡ್ಡಾಡೀನಿ, ಒಂದ ದಿನ ನಂಬರ ನೋಡಿಲ್ಲ.”

“ಇಲ್ಲೇ ಕುಂದ್ರಲೇನ್ರಿ ಅಣ್ಣಾ?”

“ಇಲ್ಲಿ ಬ್ಯಾಡ. ಅಲ್ಲಿ ಒಡ್ಡಿನ ಮ್ಯಾಲ ಕುಂದ್ರು. ಆ ಹೊಲದ ಆಯಿ ಇರ್ತಾಳ. ಆಕಿ ಕಣ್ಣಾಗ ನೀ ಇದ್ರ ನಾ ಸಮಾಧಾನಲೆ ನನ್ನ ಕೆಲಸ ಮಾಡ್ತೀನಿ.”

ಅಲ್ಲಿಂದ ನಂಬರು ಕಾಣುತ್ತದೆಯೋ ಇಲ್ಲವೋ ಎಂದು ನನಗೆ ಅನುಮಾನ. ಮೊದಲು ನೋಡಿ ಆಮೇಲೆ ಒಪ್ಪುತ್ತೇನೆ ಎಂದೆ. ಹತ್ತನೇ ಗಾಡಿ ಬರುವತನಕ ಇಬ್ಬರೂ ಒಡ್ಡಿನ ಮೇಲೆ ನಿಂತೆವು. ದೂರವಾದರೂ ಎತ್ತರದ ಜಾಗ, ಅಂಕಿಗಳು ನಿಚ್ಚಳವಾಗಿ ಕಂಡವು. ಆಗ ಒಪ್ಪಿದೆ. ಅವನು ಸುತ್ತಿಗೆ ಹೊತ್ತುಕೊಂಡು ಹೋದ.

ಆ ಹೊಲದ ಆಯಿ ಎಮ್ಮೆಗೆ ಮೇವು ಕೊಯ್ಯುತ್ತಿದ್ದಳು. ಎಪ್ಪತ್ತರ ಮೇಲಿನ ಜೈನರ ಮುದುಕಿ, ಬೆಳ್ಳಗಿನ ಸೀರೆ. ನಡೆದದ್ದನ್ನೆಲ್ಲ ದೂರದಿಂದ ನೋಡಿದ್ದಳು.

“ಎಣಿಸಿ ಏನ ಮಾಡ್ತಿ ಮಗಳ?” ಎಂದು ಕೇಳಿದಳು.

ಮೊಬೈಲಿನ ಕಥೆ, ಎಂಜಿನ್ನುಗಳ ಜಾತಿಯ ಕಥೆ ಹೇಳಬೇಕೆಂದುಕೊಂಡೆ. ಬಾಯಿಂದ ಬಂದದ್ದು ಬೇರೆ. “ಏನೂ ಮಾಡೂದಿಲ್ಲ ಆಯಿ. ಮನ್ಯಾಗ ಏನ ಹಿಡಿದ್ರೂ ನಡುವ ಯಾರರೆ ಕರೀತಾರ. ಹೋಗಬೇಕು, ಬಂದು ಹರದ ಎಳಿ ಗಂಟ ಹಾಕಬೇಕು. ಗಂಟಿಲ್ಲದ ಒಂದ ದಿನ ಬೇಕಾಗಿತ್ತು.”

ಮುದುಕಿ ಕುಡಗೋಲು ಆಡಿಸುತ್ತಲೇ ಕೇಳಿದಳು. “ನಾ ಒಮ್ಮಿ ಶಿಖರಜಿ ಯಾತ್ರಾಕ್ಕ ಹೋಗಿದ್ನಿ, ಇದ ಹಳಿ ಮ್ಯಾಲಿಂದ” ಎಂದಳು. “ಮನ್ಯಾಗ ಎಲ್ಲಾರೂ ಬ್ಯಾಡಂದಿದ್ರು. ಎಮ್ಮಿ ಈಯಾಕ ಬಂದಿತ್ತು. ಹ್ವಾದೆ. ಎಮ್ಮಿ ತಾನ ಈದಿತ್ತು.” ಅಷ್ಟು ಹೇಳಿ ಮೇವಿನ ಹೊರೆ ಕಟ್ಟಿದಳು. ಮಧ್ಯಾಹ್ನ ತನ್ನ ಬುತ್ತಿಯ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಒಂದು ಚೊಂಬು ಮಜ್ಜಿಗೆ ತಂದು ನನ್ನ ಮುಂದಿಟ್ಟಳು. ನನ್ನ ಚಟ್ನಿಯಲ್ಲಿ ಬೆಳ್ಳುಳ್ಳಿ ಇತ್ತು, ಜೈನರವಳು ಅದನ್ನು ಮುಟ್ಟುವಂತಿರಲಿಲ್ಲ. ಸಜ್ಜಿ ರೊಟ್ಟಿಯನ್ನು ಮಾತ್ರ ಮುರಿದುಕೊಂಡು ಪಲ್ಯದ ಜೊತೆ ತಿಂದಳು.

ಒಂದು ಗಂಟೆಯಿಂದ ಎರಡೂವರೆಯತನಕ ಒಂದೂ ಗಾಡಿ ಇಲ್ಲ. ಗಾಡಿ ಬಂದಾಗ ಕೂಡುವುದು ಸುಲಭ, ಬಾರದಿದ್ದಾಗ ಕೂಡುವುದೇ ಕಷ್ಟ. ಬಿಸಿಲಿಗೆ ಹಳಿಯ ಮೇಲಿನ ಗಾಳಿ ಕುದಿಯುವ ನೀರಿನಂತೆ ಅಲುಗುತ್ತಿತ್ತು. ಕಣ್ಣು ಎಳೆಯತೊಡಗಿತು. ನಿದ್ದೆ ಹತ್ತಿದರೆ ಕೆಟ್ಟೆ ಎಂದು ಎದ್ದು ನಿಂತೆ, ಒಡ್ಡಿನ ಮೇಲೆ ಆ ತುದಿಯಿಂದ ಈ ತುದಿಗೆ ಅಡ್ಡಾಡಿದೆ, ಮುಖಕ್ಕೆ ನೀರು ಹೊಡೆದುಕೊಂಡೆ. ಆಮೇಲೆ ನಾಲ್ಕು ಗಾಡಿ ಬಂದವು. ಹದಿನೆಂಟಾದವು.

ಮಜ್ಜಿಗೆ, ನೀರು ಎಲ್ಲ ಸೇರಿ, ಬೆಳಗಿನಿಂದ ತಡೆದದ್ದು ಇನ್ನು ತಡೆಯದಾಯಿತು. ಗಂಡಸರಿಗೆ ಇದು ಕೆಲಸವೇ ಅಲ್ಲ, ತಿರುಗಿ ನಿಂತರೆ ಮುಗಿಯಿತು. ನನಗೆ ಕಬ್ಬಿನೊಳಗೆ ಹೋಗಬೇಕು. ಎರಡೂ ಕಡೆ ನೋಡಿದೆ. ಗಾಡಿಯ ಸುಳಿವಿಲ್ಲ. ಓಡಿದೆ. ಕಬ್ಬಿನ ಸಾಲಿನೊಳಗೆ ಕೂತಿದ್ದೇ ತಡ, ಹಾರ್ನ್ ಕೂಗಿತು.

ಹೇಗೆ ಎದ್ದೆನೋ, ಹೇಗೆ ಓಡಿದೆನೋ. ಕಬ್ಬಿನ ರವದಿಯ ಗರಿ ಮುಂಗೈ ಕೊಯ್ದದ್ದು ಆಗ ತಿಳಿಯಲೇ ಇಲ್ಲ. ಒಡ್ಡು ಹತ್ತುವಷ್ಟರಲ್ಲಿ ಎಂಜಿನ್ನು ದಾಟಿ ಹೋಗಿತ್ತು. ಕೊನೆಯ ಎಂಟೋ ಹತ್ತೋ ಡಬ್ಬಿ, ಅದರ ಹಿಂದೆ ಗಾರ್ಡಿನ ಡಬ್ಬಿ. ಅಷ್ಟೇ ಸಿಕ್ಕಿತು. ನಾನು ಅಲ್ಲೇ ಕುಸಿದು ಕೂತೆ. ನಲವತ್ತಾರು ವರ್ಷದ ಹೆಂಗಸು, ಒಂದು ಮಾಲಗಾಡಿ ತಪ್ಪಿತೆಂದು ಹೊಲದ ಒಡ್ಡಿನ ಮೇಲೆ ಕೂತು ಅತ್ತೆ. ಇಡೀ ದಿನಕ್ಕೆ ಗಂಟು ಬಿದ್ದಿತ್ತು. ಇನ್ನು ಕೂತು ಏನು ಮಾಡುವುದು, ಐದರ ಬಸ್ಸು ಸಿಗುತ್ತದೆ ಎಂದು ಚೀಲಕ್ಕೆ ಬಾಟಲಿ ತುಂಬಿದೆ.

ಮುದುಕಿ ತಡೆಯಲಿಲ್ಲ. “ಒಂದ ಹೋತು, ಹೌದು. ಉಳಿದಾವು ಇನ್ನ ಬರೂವು ಅದಾವಲ್ಲ” ಎಂದಳು, ಅಷ್ಟೇ.

ಬಾಟಲಿ ಹೊರಗೆ ತೆಗೆದಿಟ್ಟೆ. ನೋಟ್‌ಬುಕ್ಕಿನಲ್ಲಿ ಹತ್ತೊಂಬತ್ತು ಎಂದು ಬರೆದು, ಮುಂದೆ ಖಾಲಿ ಬಿಟ್ಟು, ಇಪ್ಪತ್ತನೆಯದಕ್ಕೆ ಕಾದೆ.

ನಾಲ್ಕೂವರೆಯ ಹೊತ್ತಿಗೆ ಕೀಮ್ಯಾನ್ ತಿರುಗಿ ಬಂದ. ಹಳಿಯಿಂದಲೇ ಎಡಗೈ ಮೇಲೆತ್ತಿ ತೋರಿಸುತ್ತ ಬಂದ. ಅಂಗೈ ಮೇಲೆ ನೀಲಿ ಪೆನ್ನಿನಿಂದ ಐದು ಅಂಕಿ.

“ನಾಕ ಗಂಟೇದ ಮಾಲಗಾಡಿ ನಾ ಹೊಳಿ ಕಡೆ ಇದ್ದಾಗ ಬಂತು. ನಿನ್ನ ನೆನಪಾತು, ಬರ್ಕೊಂಡ್ನಿ” ಎಂದ. “ಡಬ್ಬಿ ಐವತ್ತೆಂಟ, ಗಾರ್ಡಿಂದ ಬಿಟ್ಟು. ನೀನೂ ಅಷ್ಟ ಎಣಿಸಿದೀ, ಇಲ್ಲೋ? ತಾಳೆ ನೋಡೂನು.”

ನಾನು ಆ ಗಾಡಿ ತಪ್ಪಿಸಿಕೊಂಡದ್ದು ಅವನಿಗೆ ಗೊತ್ತೇ ಇರಲಿಲ್ಲ. ತನ್ನ ಲೆಕ್ಕ ಸರಿಯಿದೆಯೋ ಇಲ್ಲವೋ ಎಂದು ಕೇಳಲು ಬಂದಿದ್ದ. ಖಾಲಿ ಸಾಲು ತೋರಿಸಿದೆ. ಏಕೆ ಖಾಲಿ ಎಂದು ಹೇಳಲು ನಾಚಿಕೆಯಾಯಿತು. ಮುದುಕಿಯೇ ಕಬ್ಬಿನ ಕಡೆ ಗದ್ದ ತೋರಿಸಿ ನಕ್ಕಳು. ಅವನು ಬೇರೆ ಕಡೆ ಮುಖ ಮಾಡಿ, ಅಂಗೈ ಮಾತ್ರ ನನ್ನ ಮುಂದೆ ಚಾಚಿದ.

ನಂಬರು ಬರೆದುಕೊಂಡೆ. ಆದರೆ ನಾನು ನೋಡದ್ದನ್ನು ನೋಡಿದೆ ಎನ್ನಲು ಮನಸ್ಸು ಒಪ್ಪಲಿಲ್ಲ. ಅದರ ಮುಂದೆ ‘ಇದು ಅಣ್ಣ ನೋಡಿದ್ದು’ ಎಂದು ಸೇರಿಸಿದೆ. ಅವನು ಬಗ್ಗಿ ಅದನ್ನು ಎರಡು ಸಲ ಓದಿದ. ನಿಂತಲ್ಲೇ ಸುತ್ತಿಗೆ ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

ಆಯಿ ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜಾತಿಯವಳು. ಐದೂವರೆಗೆ ಎಮ್ಮೆ ಹೊಡೆದುಕೊಂಡು ಹೊರಟಳು. ಕೀಮ್ಯಾನ್‌ನ ಕೆಲಸವೂ ಮುಗಿದಿತ್ತು. ಆದರೂ ಅವನು ಒಡ್ಡಿನ ಆಚೆ ತುದಿಯಲ್ಲಿ, ನನಗೆ ಸಂಕೋಚವಾಗದಷ್ಟು ದೂರದಲ್ಲಿ ಕೂತ. ನನ್ನನ್ನು ಕಾಯಲು ಕೂತನೋ ಗಾಡಿ ನೋಡಲು ಕೂತನೋ ಹೇಳಲಾರೆ. ಇಪ್ಪತ್ತೈದನೆಯದು ಪ್ಯಾಸೆಂಜರು, ಕಿಡಕಿಗಳಲ್ಲಿ ಆಗಲೇ ದೀಪ. ಇಪ್ಪತ್ತಾರನೆಯದು ಬೆಳಗಾವಿಯ ಕಡೆಗೆ ಹೊರಟ ಕಂಟೇನರಿನ ಮಾಲಗಾಡಿ. ಅದರ ನಂಬರನ್ನು ಇಬ್ಬರೂ ಒಟ್ಟಿಗೇ ಕೂಗಿ ಓದಿದೆವು. ಅದು ದಾಟಿದಾಗ ಸೂರ್ಯ ಕಬ್ಬಿನ ಹಿಂದೆ ಹೋಗಿದ್ದ. ಬಾನಿನಲ್ಲಿ ಬಣ್ಣ ಉಳಿದಿರುವತನಕ ಕೂತೆ. ಆಮೇಲೆ ನೋಟ್‌ಬುಕ್ಕು ಮುಚ್ಚಿದೆ. ಅವನು ನನ್ನನ್ನು ಕುಡಚಿಯ ಬಸ್ಸು ಹತ್ತಿಸಿಯೇ ಹೋದ.

ಮನೆಗೆ ಬಂದಾಗ ನಮ್ಮ ಮನೆಯವರು ಕಟ್ಟೆಯ ಮೇಲೆ ಕೂತಿದ್ದರು. ಜಗಳ ಮಾಡುತ್ತಾರೆ ಎಂದುಕೊಂಡು ನಾನೂ ಗಟ್ಟಿಯಾಗಿಯೇ ಬಂದಿದ್ದೆ. ಅವರು ಜಗಳ ಮಾಡಲಿಲ್ಲ.

“ನಿನ್ನ ನಂಬರಿನಿಂದ ಯಾವನೋ ಗಂಡಸು ಮಾತಾಡಿದ. ಹಳಿ ಬಾಜೂಕ ಅಂದ. ನನಗ ಮುಂದಿಂದು ಕೇಳಿಸಲೇ ಇಲ್ಲ” ಎಂದರು. “ಯಾವಾಗರೆ ನಾ ನಿನಗ ಅಂಥಾದ್ದೇನರೆ ಅಂದೀನಿ ಏನ ಅಂತ, ಇಡೀ ದಿನ ಅದನ್ನ ಹುಡುಕ್ಕೊಂತ ಕುಂತೀನಿ.”

ನಾನು ಅವರ ಪಕ್ಕ ಕೂತೆ. ಇಪ್ಪತ್ತನಾಲ್ಕು ವರ್ಷದಲ್ಲಿ ಅವರು ಅಷ್ಟು ಮೆತ್ತಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. “ಇನ್ನ ಮ್ಯಾಲ ಎರಡ ತಾಸಿಗೊಮ್ಮೆ ನಾನ ಫೋನ್ ಹಚ್ತೀನಿ. ಆದ್ರ ಹೋಗೂದ ಬಿಡೂದಿಲ್ರಿ” ಎಂದೆ.

“ಬಿಡು ಅಂತ ಯಾರಂದ್ರು? ಎಷ್ಟ ಬಂದೂ?”

“ಇಪ್ಪತ್ತಾರು. ಒಂದು ನಾ ನೋಡಿದ್ದಲ್ಲ.”

ಆ ಒಂದರ ಕಥೆ ಹೇಳಿದಾಗ ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ನಗು ತಡೆಯಲಿಲ್ಲ. ಮರುದಿನ ಮಗ್ಗ ಶುರುವಾಯಿತು, ನಾನು ಕಂಡಿಕಿಗೆ ಕೂತೆ. ಓಣಿಯ ಹೆಂಗಸರು ಬಂದು, “ಹಳಿ ಕಾಯಾಕ ಹೋಗಿದ್ದಿ ಅಂತಲ್ಲ ಅಕ್ಕಾ” ಎಂದು ಚಾಷ್ಟಿ ಮಾಡಿದರು. “ಹೌದು, ಹೋಗಿದ್ನಿ” ಎಂದೆ. ಅಷ್ಟು ನೆಟ್ಟಗೆ ಒಪ್ಪಿಕೊಂಡರೆ ಮುಂದೆ ಚಾಷ್ಟಿ ಮಾಡಲು ಏನೂ ಉಳಿಯುವುದಿಲ್ಲ ಎಂದು ಅವತ್ತು ತಿಳಿಯಿತು.

ಅದಾದ ಮೇಲೆ ಎರಡು ಅಮಾಸಿಗೆ ಕುಡಚಿಗೆ ಹೋದೆ. ಒಮ್ಮೆ ಜ್ವರ ಬಂದು ಮಧ್ಯಾಹ್ನಕ್ಕೇ ಏಳಬೇಕಾಯಿತು. ಇನ್ನೊಮ್ಮೆ ದಿನ ಪೂರಾ ಆಯಿತು, ಒಂದೂ ತಪ್ಪಲಿಲ್ಲ. ಈ ವರ್ಷ ಆಲಮಟ್ಟಿಯ ಕಡೆಯ ಹಳಿ ಹಿಡಿದಿದ್ದೇನೆ. ಆ ಕಡೆ ಕಲ್ಲಿದ್ದಲಿನ ಗಾಡಿ ಬಹಳ. ಬೀಳಗಿಯಲ್ಲಿ ನಮ್ಮ ಅಕ್ಕನ ಮನೆಯಿದೆ, ಹಿಂದಿನ ದಿನವೇ ಹೋಗಿ ಉಳಿಯುತ್ತೇನೆ. ಮೊದಲ ಸಲ ಹೇಳಿದಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ ಬುತ್ತಿಗೆ ಎಷ್ಟು ರೊಟ್ಟಿ ಕಟ್ಟಲಿ ಎಂದು ಕೇಳಿದಳು.